ಒಂದೇ ಲ್ಯಾಪ್‌ಟಾಪ್: ಉಬುಂಟುವೋ, ವಿಂಡೋಸೋ?

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಒಂದೇ ಮಾದರಿಗೆ ಎರಡು ಬೆಲೆಚೀಟಿ. ಉಬುಂಟು ಅಂದ್ರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಪುಕ್ಕಟೆ ಲಿನಕ್ಸ್ ತಂತ್ರಾಂಶ. ಅದು ಇರೋದು ಅಗ್ಗ, ವಿಂಡೋಸ್ ಲೈಸೆನ್ಸ್ ದುಡ್ಡಿಲ್ಲವಲ್ಲ. "ತಗೊಳ್ಳಿ ಸಾರ್, ವಿಂಡೋಸ್ ನಾನೇ ಹಾಕ್ಕೊಡ್ತೀನಿ" ಅಂದ ಹುಡುಗ. ಕಳ್ಳ ಕಾಪಿ ಅಂತ ಬೇರೆ ಹೇಳಬೇಕೆ? ಬೇಡ ಅನ್ನಿ.

ಲೆಕ್ಕಪತ್ರದ ಟ್ಯಾಲಿ ಕಲಿಯುವವರು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಹಳೇ ಕಡತ ರಾಶಿ ಇಟ್ಟವರು ಸುಮ್ಮನೆ ವಿಂಡೋಸ್ ತಗೊಳ್ಳಿ, ಅವೆರಡೂ ವಿಂಡೋಸಿಗೆಂದೇ ಮಾಡಿದವು.

ಪೈಥಾನ್, ಸಿ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವ ಎಂಜಿನಿಯರಿಂಗ್ ಮಕ್ಕಳಿಗೆ ಉಬುಂಟುವೇ ವಾಸಿ. ಯುನಿಕೋಡ್ ಕನ್ನಡಕ್ಕೆ (ಯಾವ ಕಂಪ್ಯೂಟರಲ್ಲೂ ಓದಬಲ್ಲ ಅಕ್ಷರ) ಕೆಜಿಪಿ ಕೀಲಿಮಣೆ, ಅಂದ್ರೆ ನುಡಿಯಲ್ಲಿರುವ ಕೀಲಿ ಜೋಡಣೆ, ಅದರಲ್ಲೂ ಸಿಗುತ್ತೆ. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 5 ವರ್ಷ ಪುಕ್ಕಟೆ ಅಪ್‌ಡೇಟ್. ಡೆಲ್ 2007ರಲ್ಲೇ ಉಬುಂಟು ಹಾಕಿ ಮಾರಿತು, ಲೆನೊವೊ 2020ರಲ್ಲಿ ತನ್ನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿಗೆ ಉಬುಂಟುವಿನಂಥದೇ ಇನ್ನೊಂದು ಲಿನಕ್ಸ್ ಆದ ಫೆಡೋರಾ ಕೊಟ್ಟಿತು. ಕಂಪನಿಯೇ ಹಾಕಿಕೊಟ್ಟರೆ ವೈಫೈ ಡ್ರೈವರ್ (ವೈಫೈ ನಡೆಸುವ ಪುಟ್ಟ ತಂತ್ರಾಂಶ) ಹುಡುಕುವ ತಲೆನೋವು ಕಮ್ಮಿ. ಆದರೂ ಅಂಗಡಿಯಲ್ಲೇ ಆನ್ ಮಾಡಿಸಿ, ಮುಚ್ಚಳ ಮುಚ್ಚಿ ತೆಗೆದಾಗ ಸರಿಯಾಗಿ ಎಚ್ಚರಗೊಳ್ಳುತ್ತಾ ನೋಡಿ.