ಶ್ರೀನಗರದ ಹೌಸ್‌ಬೋಟ್‌ನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಬೇಡಿ

ಮೊನ್ನೆ ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋಗಿದ್ದೆ. ಅಲ್ಲಿ ಸಿಕ್ಕ ಗೆಳತಿ ಡಿಸೆಂಬರ್ ರಜೆಗೆ ಕಾಶ್ಮೀರ ಬುಕ್ ಮಾಡಿದ್ದೇವೆ, ಕೊನೆಯ ಎರಡು ರಾತ್ರಿ ಹೌಸ್‌ಬೋಟ್ ಅಂದಳು. ನನ್ನ ಎದೆ ಧಸಕ್ ಅಂದಿತು. ನಾಟಕ ಶುರುವಾಗುವವರೆಗೂ ಅವಳನ್ನು ಬಿಡದೆ ನಮ್ಮ ಕಥೆ ಹೇಳಿದೆ. ಹೋಗುವವರು ಅವಳೊಬ್ಬಳೇ ಅಲ್ಲವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಡೊಂಬಿವಲಿಯವರು. ಕಳೆದ ಅಕ್ಟೋಬರ್ ಕೊನೆಗೆ ನಾನು, ನಮ್ಮ ಯಜಮಾನರು, 11 ವರ್ಷದ ಮಗ, 68 ವರ್ಷದ ಅತ್ತೆ, ನಾಲ್ವರೂ ಲಡಾಖ್ ನೋಡಲು ಹೋದೆವು. ಲೇಹ್‌ವರೆಗೆ ವಿಮಾನ. ಅಲ್ಲಿಂದ ಕಾರಿನಲ್ಲಿ ಕಾರ್ಗಿಲ್, ದ್ರಾಸ್, ಜೋಜಿಲಾ ದಾಟಿ ಶ್ರೀನಗರ. ಕೊನೆಗೆ ದಾಲ್ ಸರೋವರದಲ್ಲಿ ಎರಡು ರಾತ್ರಿ ಸುಮ್ನೆ ಕೂತು ಸುಧಾರಿಸಿಕೊಂಡು ಮುಂಬೈಗೆ ಮರಳುವುದು ಅಂತ ಲೆಕ್ಕ. ಎಲ್ಲವನ್ನೂ ಠಾಣೆಯ ಒಬ್ಬ ಏಜೆಂಟ್ ಮಾಡಿಕೊಟ್ಟಿದ್ದ.

ಬೆಟ್ಟದಲ್ಲಿ ನಾವು ತುಂಬಾ ಹುಷಾರಾಗಿದ್ದೆವು. ಲೇಹ್ ಸುಮಾರು 11,500 ಅಡಿ ಎತ್ತರದಲ್ಲಿದೆ. ಮೊದಲ ಎರಡು ದಿನ ರೂಮ್ ಬಿಟ್ಟು ಹೊರಗೆ ಹೋಗಲಿಲ್ಲ. ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಜೊತೆಗಿತ್ತು. ಬೆಳಿಗ್ಗೆ ರಾತ್ರಿ ಎಲ್ಲರದ್ದೂ ನೋಡಿ ಬರೆದಿಡುತ್ತಿದ್ದೆ. ಅತ್ತೆಗೆ ಲೇಹ್‌ನಲ್ಲಿ 86 ತೋರಿಸಿದಾಗ ನನಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. 13,479 ಅಡಿಯ ಫೋಟು ಲಾ ಘಾಟಿ ಹತ್ತಿ ಇಳಿಯುವಾಗಲೂ ಕಣ್ಣು ಅವರ ಮುಖದ ಮೇಲೇ ಇತ್ತು. ಜೋಜಿಲಾ ಇಳಿದು ಸೋನಮರ್ಗ್‌ನ ಮರಗಳು ಕಂಡಾಗ ಯಜಮಾನರು "ಅಬ್ಬಾ, ಮುಗೀತು" ಅಂದರು. ನನಗೂ ಹಾಗೇ ಅನಿಸಿತು. ಶ್ರೀನಗರ ಇರುವುದು ಸುಮಾರು 5,200 ಅಡಿಯಲ್ಲಿ. ಇನ್ನೇನು ಭಯ ಅಂತ ಮನಸ್ಸು ಹಗುರವಾಯಿತು. ಆಮೇಲೆ ನಡೆದದ್ದಕ್ಕೆಲ್ಲ ದಾರಿ ಆದದ್ದು ಆ ನಿರಾಳವೇ.

ಬುಲೆವಾರ್ಡ್ ರಸ್ತೆಯಲ್ಲಿ ದೋಣಿ ಹತ್ತುವ ಘಾಟ್ ತಲುಪುವಾಗ ಸಂಜೆ ಏಳು ದಾಟಿತ್ತು. ಏಜೆಂಟ್ ಕಳಿಸಿದ ಫೋಟೊದಲ್ಲಿ ರಸ್ತೆಗೆ ಎದುರಿನ ಸಾಲಿನ ದೊಡ್ಡ ಬೋಟ್ ಇತ್ತು. ನಮ್ಮನ್ನು ಶಿಕಾರ ಅನ್ನುವ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ಹೋದದ್ದು ಹಿಂದಿನ ಸಾಲುಗಳನ್ನೂ ದಾಟಿ, ಕಿರಿದಾದ ಕಾಲುವೆಯ ಒಳಗೆ ಇದ್ದ ಹಳೆಯ ಬೋಟಿಗೆ. ಹೆಸರೂ ಬೇರೆ. ಕೇಳಿದರೆ "ಆ ಬೋಟ್ ರಿಪೇರಿಯಲ್ಲಿದೆ, ಇದೂ ಅದೇ ದರ್ಜೆಯದು" ಅಂದರು. ದುಡ್ಡು ಪೂರ್ತಿ ಮೊದಲೇ ಹೋಗಿತ್ತು. ಸಾಮಾನು ಇಳಿದಿತ್ತು, ಅತ್ತೆ ಚಳಿಗೆ ನಡುಗುತ್ತಿದ್ದರು. ಜಗಳ ಬೇಡ ಅಂತ ಒಳಗೆ ಹೋದೆವು.

ಕೇರಳದ ಹೌಸ್‌ಬೋಟ್ ನೋಡಿದವರಿಗೆ ಒಂದು ಮಾತು ಹೇಳಬೇಕು. ಶ್ರೀನಗರದ್ದು ಓಡಾಡುವ ದೋಣಿ ಅಲ್ಲ. ದೇವದಾರು ಮರದಲ್ಲಿ ಕಟ್ಟಿ, ಒಂದೇ ಕಡೆ ನಿಲ್ಲಿಸಿದ ಮನೆ. ಎಷ್ಟೋ ಬೋಟ್‌ಗಳಿಂದ ದಡಕ್ಕೆ ಹೋಗಲು ಶಿಕಾರ ಬಿಟ್ಟು ಬೇರೆ ದಾರಿಯೇ ಇಲ್ಲ. ಹೋಟೆಲ್ ಸರಿಯಿಲ್ಲ ಅಂದರೆ ಬ್ಯಾಗ್ ಎತ್ತಿಕೊಂಡು ರಸ್ತೆಗೆ ಬರಬಹುದು. ಇಲ್ಲಿ ಬಾಗಿಲು ತೆರೆದರೆ ನೀರು. ಹತ್ತುವ ಮೊದಲು ಇದು ನನ್ನ ತಲೆಗೆ ಹೋಗಿರಲಿಲ್ಲ.

ರೂಮ್ ಒಂದೇ, ನಾಲ್ಕು ಹಾಸಿಗೆ. ಕಿಟಕಿಗಳಿಗೆ ಚಳಿ ಬರದಂತೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಅದರ ಮೇಲೆ ದಪ್ಪ ಪರದೆ. ಎಲೆಕ್ಟ್ರಿಕ್ ಕಂಬಳಿ ಇದೆ ಅಂತ ಬುಕಿಂಗ್‌ನಲ್ಲಿ ಹೇಳಿದ್ದರು, ಇರಲಿಲ್ಲ. ಹುಡುಗ ಒಬ್ಬ ಸಿಲಿಂಡರ್ ಇಟ್ಟ ಗ್ಯಾಸ್ ಹೀಟರ್ ತಂದು ಹಚ್ಚಿ, "ರಾತ್ರಿ ಪೂರ್ತಿ ಇರಲಿ, ಏನೂ ಆಗುವುದಿಲ್ಲ" ಅಂದ. ಹತ್ತು ಗಂಟೆಗೆ ಅವನೇ ಶಿಕಾರ ಹತ್ತಿ ಮನೆಗೆ ಹೋದ.

ಎರಡು ಗಂಟೆ ಸುಮಾರಿಗೆ ಮಗ ಎದ್ದು ವಾಂತಿ ಮಾಡಿದ. ತಲೆ ಸಿಡಿಯುತ್ತಿದೆ ಅಂತ ಅತ್ತ. ನನಗೂ ತಲೆ ಭಾರ, ಕಾಲಲ್ಲಿ ಬಲ ಇಲ್ಲ. ಬೆಟ್ಟದ ಸುಸ್ತು, ಎತ್ತರದ ತೊಂದರೆ ಈಗ ಶುರುವಾಯಿತೇನೋ ಅಂದುಕೊಂಡೆ. ಆಕ್ಸಿಮೀಟರ್ ಹಾಕಿ ನೋಡಿದೆ. ಮಗನಿಗೆ 98, ಅತ್ತೆಗೆ 97. ಲೇಹ್‌ನಲ್ಲಿ ಬಂದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ದೇವರೇ, ಏನೂ ಇಲ್ಲ, ಹೊಟ್ಟೆ ಕೆಟ್ಟಿರಬೇಕು ಅಂತ ಮಗನಿಗೆ ನೀರು ಕುಡಿಸಿ ಮತ್ತೆ ಮಲಗಿಸಿದೆ. ಆ ರೂಮಿನಲ್ಲೇ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಸ್ವಲ್ಪ ಹೊತ್ತಿಗೆ "ಅತ್ತೆ, ನಿಮಗೂ ತಲೆನೋವಾ?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಅಲುಗಾಡಿಸಿದರೆ ಕಣ್ಣು ಅರ್ಧ ತೆರೆದು ಏನೋ ತೊದಲಿದರು. ಯಜಮಾನರನ್ನು ಎಬ್ಬಿಸಿದೆ. ಅವರು ಎದ್ದು ನಿಂತವರೇ ಗೋಡೆ ಹಿಡಿದುಕೊಂಡರು. ನಾಲ್ವರಿಗೂ ಒಂದೇ ಸಲ ಹೇಗೆ ಹೀಗಾಗುತ್ತದೆ? ಆಗ ಅವರ ಕಣ್ಣು ಹೀಟರ್ ಮೇಲೆ ಬಿತ್ತು. ಅದನ್ನು ಆರಿಸಿ, ಬಾಗಿಲು ತೆರೆದು, ಅತ್ತೆಯನ್ನು ಕಂಬಳಿ ಸಮೇತ ಮುಂದಿನ ಕಟ್ಟೆಗೆ ಎಳೆದುಕೊಂಡು ಬಂದೆವು.

ಹುಡುಗನಿಗೆ ಫೋನ್ ಮಾಡೋಣ ಅಂದರೆ ನನ್ನದು ಪ್ರೀಪೇಯ್ಡ್ ಸಿಮ್. ಹೊರರಾಜ್ಯದ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಯಜಮಾನರದ್ದು ಪೋಸ್ಟ್‌ಪೇಯ್ಡ್ ಇತ್ತು. ಹುಡುಗ ಎತ್ತಲಿಲ್ಲ. ಮಾಲೀಕನ ಫೋನ್ ಸ್ವಿಚ್ ಆಫ್. ಆಂಬುಲೆನ್ಸ್ ಕರೆದರೂ ಅದು ಬಂದು ನಿಲ್ಲುವುದು ರಸ್ತೆಯಲ್ಲಿ. ರಸ್ತೆಗೂ ನಮಗೂ ನಡುವೆ ಕಪ್ಪು ನೀರು. ಅತ್ತೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂಗಿದೆ. ಮಗ ಮೊಬೈಲ್ ಟಾರ್ಚ್ ಬೀಸಿದ.

ಪಕ್ಕದ ಬೋಟಿನ ಹಿಂದಿನ ಮನೆಯಿಂದ ವಯಸ್ಸಾದ ಒಬ್ಬರು ಹೊರಗೆ ಬಂದರು. ಕಾಶ್ಮೀರಿ ನಿಲುವಂಗಿ ಫೆರನ್ ಮೇಲೆ ಶಾಲು ಹೊದ್ದುಕೊಂಡು ತಮ್ಮ ಶಿಕಾರ ಹುಟ್ಟುಹಾಕುತ್ತಾ ಬಂದೇಬಿಟ್ಟರು. ವಾಂತಿ, ತಲೆನೋವು, ಹೀಟರ್ ಅಂತ ಹಿಂದಿಯಲ್ಲಿ ಹೇಳಿದೆ ಅಷ್ಟೆ, ಅವರಿಗೆ ತಕ್ಷಣ ಗೊತ್ತಾಯಿತು. "ಮಗಳೇ, ಯಾರೂ ಒಳಗೆ ಹೋಗಬೇಡಿ, ಸಾಮಾನು ಇರಲಿ" ಅಂದರು. ದಡಕ್ಕೆ ಕರೆದುಕೊಂಡು ಹೋಗಿ, ಅಳಿಯನನ್ನು ಎಬ್ಬಿಸಿ, ಅವನ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಮಾರನೇ ದಿನ ದುಡ್ಡು ಕೊಡಲು ಹೋದರೆ ಕೈ ಮುಗಿದು ಬೇಡ ಅಂದರು. ಕಾಶ್ಮೀರದ ಜನ ಮೋಸಗಾರರು ಅಂತ ಯಾರಾದರೂ ಈ ಬರಹ ಓದಿ ಹೇಳಿದರೆ ನಾನು ಒಪ್ಪುವುದಿಲ್ಲ. ಅತ್ತೆ ಇವತ್ತು ನಮ್ಮ ಜೊತೆ ಇದ್ದರೆ ಅದು ಆ ಅಜ್ಜನಿಂದ.

ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಗಂಟೆಗಟ್ಟಲೆ ಆಮ್ಲಜನಕ ಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು. ಡಾಕ್ಟರ್ ವಿವರಿಸಿದ್ದನ್ನು ದಯವಿಟ್ಟು ಎಲ್ಲರೂ ನೆನಪಿಡಿ. ಮುಚ್ಚಿದ ರೂಮಿನಲ್ಲಿ ಗ್ಯಾಸ್, ಇದ್ದಿಲು, ಸೌದೆ ಏನೇ ಉರಿದರೂ ಗಾಳಿ ಸಾಲದೆ ಈ ಅನಿಲ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ. ನಾವು ಬಳಸುವ ಸಾಮಾನ್ಯ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನುಷ್ಯ ಸಾಯುವ ಸ್ಥಿತಿಗೆ ಬಂದರೂ ಅದು 97, 98 ತೋರಿಸಬಹುದು. ಬೆಟ್ಟದಲ್ಲಿ ನಮ್ಮನ್ನು ಕಾಪಾಡಿದ ಆ ಪುಟ್ಟ ಯಂತ್ರ ಇಲ್ಲಿ ನಮಗೆ ಸುಳ್ಳು ಧೈರ್ಯ ಕೊಟ್ಟಿತು.

ಲಕ್ಷಣಗಳೂ ಎತ್ತರದ ತೊಂದರೆಯ ಹಾಗೇ ಇರುತ್ತವೆ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಆದರೆ ಎತ್ತರದ ತೊಂದರೆ ಕೆಳಗೆ ಇಳಿದರೆ ಕಡಿಮೆ ಆಗಬೇಕು, ಅಲ್ವಾ? ಇಳಿದು ಬಂದ ಮೇಲೆ ಶುರುವಾದರೆ, ಒಂದೇ ರೂಮಿನಲ್ಲಿ ಇರುವ ಎಲ್ಲರಿಗೂ ಒಟ್ಟಿಗೆ ಬಂದರೆ, ಯೋಚನೆ ಮಾಡುತ್ತಾ ಕೂರಬೇಡಿ. ಮೊದಲು ಹೊರಗೆ ಬನ್ನಿ. ನಮ್ಮ ಮುಂಬೈಯಲ್ಲೂ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ಓದಿದ್ದೇವೆ. ಆದರೂ ಆ ರಾತ್ರಿ ನನಗೆ ಅದು ನೆನಪಾಗಲಿಲ್ಲ.

ಏಜೆಂಟ್‌ಗೆ ಫೋನ್ ಮಾಡಿದಾಗ "ಈಗ ಎಲ್ಲರೂ ಹುಷಾರಾಗಿದ್ದೀರಲ್ಲ ಮೇಡಂ" ಅಂದ. ಎರಡನೇ ರಾತ್ರಿಯ ದುಡ್ಡೂ ವಾಪಸ್ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ದುಡ್ಡಿನ ಮಾತು ಇಷ್ಟೇ ಸಾಕು.

ಈಗಾಗಲೇ ಬುಕ್ ಮಾಡಿದವರು ಇವತ್ತೇ ಫೋನ್ ಮಾಡಿ ಕೇಳಿ. ಬೋಟಿನ ಹೆಸರೇನು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ, ಘಾಟ್ ಯಾವುದು ಅಂತ ಬರವಣಿಗೆಯಲ್ಲೇ ತರಿಸಿಕೊಳ್ಳಿ. ರೂಮ್ ಬೆಚ್ಚಗಿಡಲು ಏನು ಬಳಸುತ್ತಾರೆ ಅಂತ ಕೇಳಿ. ಬುಖಾರಿ, ಅಂದರೆ ಸೌದೆ ಒಲೆ, ಅಂತ ಹೇಳಿದರೆ ಹೊಗೆ ಕೊಳವೆ ಹೊರಗೆ ಹೋಗಿದೆಯಾ ಅಂತ ನೀವೇ ನೋಡಿ, ಮಲಗುವ ಮೊದಲು ಆರಿಸಿ. ಗ್ಯಾಸ್ ಹೀಟರ್ ಅಂದರೆ ಬೇಡವೇ ಬೇಡ, ಇನ್ನೊಂದು ರಜಾಯಿ ಕೇಳಿ. ರಾತ್ರಿ ಬೋಟಿನಲ್ಲಿ ಯಾರು ಇರುತ್ತಾರೆ, ಶಿಕಾರ ಎಲ್ಲಿ ಕಟ್ಟಿರುತ್ತದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಅನಿಲ ಒಂದೇ ಅಲ್ಲ, ಬೆಂಕಿಯ ಭಯವೂ ಇದೆ. 2023ರ ನವೆಂಬರ್‌ನಲ್ಲಿ ಇದೇ ದಾಲ್‌ನಲ್ಲಿ ಬೆಂಕಿ ಬಿದ್ದು ಹೌಸ್‌ಬೋಟ್‌ಗಳು ಸುಟ್ಟುಹೋದವು, ಬಾಂಗ್ಲಾದೇಶದಿಂದ ಬಂದಿದ್ದ ಮೂವರು ಪ್ರವಾಸಿಗರು ತೀರಿಕೊಂಡರು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ರಾತ್ರಿ ದಡದ ಹೋಟೆಲ್‌ನಲ್ಲೇ ಮಲಗಿ. ಹಗಲು ಶಿಕಾರದಲ್ಲಿ ಎಷ್ಟು ಬೇಕಾದರೂ ಸುತ್ತಿ. ಆ ಸರೋವರ ನಿಜಕ್ಕೂ ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಅತ್ತೆ ಈಗ ಸುಧಾರಿಸಿದ್ದಾರೆ. ಸ್ವಲ್ಪ ಮರೆವು ಜಾಸ್ತಿಯಾಗಿದೆ, ಡಾಕ್ಟರ್ ನೋಡುತ್ತಿದ್ದಾರೆ. ಬಂದ ಮೇಲೆ ನಾವು ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೊಂಡೆವು. ಅಂಗೈಯಷ್ಟಿದೆ, ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಗೆಳತಿಯ ಪ್ರವಾಸ ಮುಗಿಯುವವರೆಗೆ ಅದು ಅವಳ ಹತ್ತಿರ ಇರುತ್ತದೆ. ಜನವರಿಯಿಂದ ನಮ್ಮ ಮನೆಯಲ್ಲೇ ಇರುತ್ತದೆ. ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯವರು ಯಾರಾದರೂ ಹೊರಟಿದ್ದರೆ ಬಂದು ತೆಗೆದುಕೊಂಡು ಹೋಗಿ, ವಾಪಸ್ ಬಂದ ಮೇಲೆ ಕೊಟ್ಟರಾಯಿತು.