ಅಕ್ರಿಲಿಕ್ ಉಲ್ಲನ್: ಮಳೆಗಾಲಕ್ಕೆ ಇದೇ ಬೇಕು, ಆದರೆ ಲಾಟ್ ನಂಬರ್ ನೋಡದೆ ಕೊಳ್ಳಬೇಡಿ

ಕಾರವಾರ, ಕುಮಟಾ, ಶಿರಸಿ ಅಂಗಡಿಗಳಲ್ಲಿ ಸಿಗುವ 4 ಪ್ಲೈ (ನಾಲ್ಕು ಎಳೆ ಹೊಸೆದ) ಅಕ್ರಿಲಿಕ್ ಉಲ್ಲನ್ ಬಗ್ಗೆ ಇದು. 100 ಗ್ರಾಂ ಉಂಡೆ, ನೂರು ರೂಪಾಯಿ ಆಸುಪಾಸು. ಉದ್ದ ಎಷ್ಟು, ಬಣ್ಣ ಯಾವುದು ಅನ್ನುವುದೆಲ್ಲ ಲೇಬಲ್ ಮೇಲೇ ಇರುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಹಲವು ವರ್ಷಗಳಿಂದ ಇದರಲ್ಲೇ ಕ್ರೋಶಾ ಹಾಕುತ್ತಿದ್ದೇನೆ. ಶಾಲು, ಕಂಬಳಿ ಎರಡೇ. ಮಾರಾಟಕ್ಕಲ್ಲ, ಎಲ್ಲವೂ ಉಡುಗೊರೆಗೆ. ನೆಂಟರಲ್ಲಿ ಮದುವೆ ಆಗಲಿ, ಗೃಹಪ್ರವೇಶ ಆಗಲಿ, ನಮ್ಮ ಶಾಲೆಯಿಂದ ಯಾರಾದರೂ ನಿವೃತ್ತರಾಗಲಿ, ನಾನು ಕೊಡುವುದು ಇದನ್ನೇ. ಕಂಪನಿ ಹೆಸರು ಹಾಕುತ್ತಿಲ್ಲ. ಬೇರೆ ಬೇರೆ ಕಂಪನಿಯ ಉಂಡೆ ಬಳಸಿ ನೋಡಿದ್ದೇನೆ, ಖುಷಿಯೂ ಒಂದೇ, ತಕರಾರೂ ಒಂದೇ.

ಮೊದಲು ಖುಷಿಯ ವಿಷಯ. ನಾನಿರುವುದು ಕಾರವಾರದಲ್ಲಿ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ದಿನಗಳಲ್ಲಿ ಹತ್ತಿ ನೂಲಿನ ಕಂಬಳಿ ಒಗೆದರೆ ಅದರ ಕಥೆ ಮುಗಿಯಿತು. ನೀರು ಕುಡಿದು ಎತ್ತಲಾಗದಷ್ಟು ಭಾರ ಆಗುತ್ತದೆ. ಹಗ್ಗದ ಮೇಲೆ ಹಾಕಿದರೆ ಜೋತು ಬಿದ್ದು ಉದ್ದವಾಗುತ್ತದೆ. ದಿನಗಟ್ಟಲೆ ಒಣಗುವುದಿಲ್ಲ, ಆಮೇಲೆ ಮುಗ್ಗು ವಾಸನೆ, ಕೊನೆಗೆ ಬೂಷ್ಟು. ಒಗೆಯದೆ ಕಪಾಟಿನಲ್ಲಿಟ್ಟರೂ ಕರಾವಳಿಯ ಗಾಳಿಗೆ ತಣ್ಣಗೆ ತೇವ ಹಿಡಿದಿರುತ್ತದೆ. ಅದಕ್ಕೆ ಕಾರಣ ಇದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ. ಕುರಿ ಉಣ್ಣೆ ಶೇ. 16ರ ಹತ್ತಿರ. ಅಕ್ರಿಲಿಕ್ ಶೇ. 2ರ ಆಸುಪಾಸು ಅಷ್ಟೇ. ಅದು ಒಂಥರಾ ಪ್ಲಾಸ್ಟಿಕ್, ಪೆಟ್ರೋಲಿಯಂನಿಂದ ಬರುವ ನೂಲು. ನೀರು ಎಳೆಗಳ ನಡುವೆ ನಿಲ್ಲುತ್ತದೆಯೇ ಹೊರತು ಎಳೆಯ ಒಳಗೆ ಹೆಚ್ಚು ಹೋಗುವುದಿಲ್ಲ.

ಹಾಗಾಗಿ ಆಷಾಢದ ಮಳೆಯಲ್ಲೂ ನಾನು ಧೈರ್ಯವಾಗಿ ಶಾಲು ಒಗೆಯುತ್ತೇನೆ. ಒಗೆದ ಶಾಲನ್ನು ಹಿಂಡುವುದಿಲ್ಲ. ದೊಡ್ಡ ಟವೆಲ್ ಹಾಸಿ, ಅದರ ಮೇಲೆ ಶಾಲು ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಮೊಣಕಾಲಿನಿಂದ ಒತ್ತುತ್ತೇನೆ. ನೀರೆಲ್ಲ ಟವೆಲ್‌ಗೆ ಹೋಗುತ್ತದೆ. ಆಮೇಲೆ ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಮಂಚದ ಮೇಲೆ ಹರಡಿದರೆ ಬೆಳಿಗ್ಗೆ ಒಣಗಿರುತ್ತದೆ. ಹೊರಗೆ ಬಿಸಿಲು ಕಾಣದೆ ವಾರ ಆಗಿದ್ದರೂ ಸರಿ. ಉಡುಗೊರೆ ಕೊಡುವವರಿಗೆ ಇದು ದೊಡ್ಡ ವಿಷಯ. ಕೊಟ್ಟದ್ದನ್ನು ಅವರು ಒಗೆಯಲು ಹೆದರಿದರೆ ಅದು ಗೊಡ್ರೇಜ್ ಕಪಾಟು ಸೇರುತ್ತದೆ, ಮೈಮೇಲೆ ಬರುವುದಿಲ್ಲ. ನನ್ನ ಅತ್ತೆಯವರು ನಾನು ಕೊಟ್ಟ ಕಂದು ಶಾಲನ್ನು ದಿನಾ ಹೊದೆಯುತ್ತಾರೆ, ಮನಸ್ಸು ಬಂದಾಗ ವಾಷಿಂಗ್ ಮಷಿನ್‌ಗೂ ಹಾಕುತ್ತಾರೆ. ಅಲ್ಲಲ್ಲಿ ಸಣ್ಣ ಗುಂಜು ಎದ್ದಿದೆ, ನಿಜ. ಕಂಕುಳ ಹತ್ತಿರ, ಮೊಣಕೈ ತಾಗುವಲ್ಲಿ ಜಾಸ್ತಿ. ಆದರೆ ಹುಳ ತಿಂದಿಲ್ಲ, ನುಸಿಗುಳಿಗೆಯೂ ಬೇಕಾಗಿಲ್ಲ.

ಕೈಗೂ ಇದು ಒಗ್ಗುತ್ತದೆ. ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ ಜಗಲಿಯಲ್ಲಿ ಕೂರುವುದು ನನ್ನ ರೂಢಿ. ಹೊಸ ಉಂಡೆಯ ಹೊರಗಿನ ತುದಿಯನ್ನು ನಾನು ಎಳೆಯುವುದಿಲ್ಲ. ಎರಡು ಬೆರಳು ಒಳಗೆ ಹಾಕಿ ನಡುವಿನ ತುದಿ ಹುಡುಕಿ ತೆಗೆಯುತ್ತೇನೆ. ಒಮ್ಮೊಮ್ಮೆ ಒಳಗಿನ ಮುದ್ದೆಯೇ ಕೈಗೆ ಬರುತ್ತದೆ. ಅದನ್ನು ನಿಧಾನ ಬಿಡಿಸಿ ಬೆರಳಿಗೆ ಸುತ್ತಿ ಇಟ್ಟರೆ ಆಮೇಲೆ ಉಂಡೆ ಕೂತಲ್ಲೇ ಕೂತಿರುತ್ತದೆ, ಜಗಲಿ ತುಂಬ ಉರುಳುವುದಿಲ್ಲ, ಬೆಕ್ಕಿಗೂ ಸಿಗುವುದಿಲ್ಲ. ಶಾಲಿಗೆ 5 ಮಿಲಿಮೀಟರ್ ಕಡ್ಡಿ ಹಿಡಿಯುತ್ತೇನೆ. ಲೇಬಲ್ ಮೇಲೆ ಹೇಳಿದ್ದಕ್ಕಿಂತ ಇದು ಒಂದು ಸೈಜ್ ದೊಡ್ಡದು. ಅದರಿಂದ ಹೆಣಿಗೆ ಸ್ವಲ್ಪ ಸಡಿಲವಾಗಿ, ಶಾಲು ಹೆಗಲಿನ ಮೇಲೆ ಚೆನ್ನಾಗಿ ಇಳಿಯುತ್ತದೆ. ಕಂಬಳಿಗೆ 4 ಮಿಲಿಮೀಟರ್ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿನ ಕೈಗೆ ಈ ನೂಲು ಅಂಟುತ್ತದೆ, ಅಲ್ಯೂಮಿನಿಯಂ ಕಡ್ಡಿಯ ಮೇಲೆ ಕೀಚ್ ಕೀಚ್ ಅನ್ನುತ್ತದೆ. ಆಗ ಬಿದಿರಿನ ಕಡ್ಡಿ ಒಳ್ಳೆಯದು. ಕಪ್ಪು, ಗಾಢ ನೀಲಿ ಬಣ್ಣಗಳನ್ನು ರಾತ್ರಿ ಮುಟ್ಟುವುದೇ ಇಲ್ಲ, ತೂತು ಎಲ್ಲಿದೆ ಅಂತ ಕಾಣುವುದಿಲ್ಲ.

ಘಟ್ಟದ ಮೇಲೆ, ಶಿರಸಿ ಕಡೆಯ ತವರಿಗೆ ಹೋಗುವಾಗಲೂ ಚೀಲದಲ್ಲಿ ಒಂದು ಉಂಡೆ ಇರುತ್ತದೆ. ಕುಮಟಾವರೆಗೆ ಕಂಬ (ಕ್ರೋಶಾದ ಉದ್ದ ಹೊಲಿಗೆ) ಹಾಕುತ್ತಾ ಹೋಗುತ್ತೇನೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ತಲೆ ತಗ್ಗಿಸಿದರೆ ಹೊಟ್ಟೆ ತೊಳೆಸುತ್ತದೆ, ಅಲ್ಲಿ ಬರೀ ಚೈನು, ಅಂದರೆ ಒಂದರ ಹಿಂದೆ ಒಂದು ಕುಣಿಕೆ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ಘಟ್ಟ ಹತ್ತಿ ಮುಗಿಯುವ ಹೊತ್ತಿಗೆ ಮುಂದಿನ ಕಂಬಳಿಯ ಬುಡದ ಸಾಲು ಆಗಿರುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಸಿಟ್ಟನ್ನೂ ಹೇಳಲೇಬೇಕು. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ.

ಉಲ್ಲನ್ ಲೇಬಲ್ ಮೇಲೆ ಎರಡು ನಂಬರ್ ಇರುತ್ತವೆ. ಒಂದು ಶೇಡ್ ನಂಬರ್, ಅಂದರೆ ಯಾವ ಬಣ್ಣ ಅನ್ನುವುದು. ಇನ್ನೊಂದು ಲಾಟ್ ನಂಬರ್, ಅಂದರೆ ಯಾವ ಸಲದ ಬಣ್ಣದ ಪಾಕದಲ್ಲಿ ಅದ್ದಿದ್ದು ಅನ್ನುವುದು. ಅದೇ ಕೈ, ಅದೇ ಅಳತೆ ಇದ್ದರೂ ಒಂದು ಭರಣಿ ಅಪ್ಪೆಮಿಡಿಯ ರುಚಿ ಇನ್ನೊಂದು ಭರಣಿಗೆ ಬರುವುದಿಲ್ಲವಲ್ಲ, ಇದೂ ಹಾಗೆ. ಶೇಡ್ ಒಂದೇ ಆದರೂ ಲಾಟ್ ಬೇರೆಯಾದರೆ ಬಣ್ಣ ಒಂದು ಕೂದಲಿನಷ್ಟು ಹೆಚ್ಚುಕಡಿಮೆ ಆಗಿರುತ್ತದೆ. ಉಂಡೆಯಾಗಿದ್ದಾಗ ಅದು ಗೊತ್ತೇ ಆಗುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಂತೂ ಎರಡೂ ಒಂದೇ. ಹೆಣೆದು ಹರಡಿ, ಹಗಲಿನ ಬೆಳಕಿಗೆ ಹಿಡಿದಾಗ ಮಾತ್ರ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ.

ತವರಿನಲ್ಲಿರುವ ನನ್ನ ಆಯಿಗೆ (ಅಮ್ಮನಿಗೆ) ನೇರಳೆ ಬಣ್ಣದ ಕಂಬಳಿ ಹಾಕುತ್ತಿದ್ದೆ. ಒಂಟಿ ಮಂಚದ ಅಳತೆಗೆ ಒಂದೂವರೆ ಕಿಲೋ ಹತ್ತಿರ ಉಲ್ಲನ್ ಬೇಕು. ಅಂಗಡಿಯಲ್ಲಿ ಅಷ್ಟು ಇರಲಿಲ್ಲ. ಇದ್ದದ್ದನ್ನು ಕೊಟ್ಟು, ಉಳಿದದ್ದು ಗುರುವಾರದ ಪಾರ್ಸಲ್‌ನಲ್ಲಿ ಬರುತ್ತದೆ ಅಂದರು. ಅದೇ ಲಾಟ್ ಬೇಕು ಅಂತ ನಾನು ಚೀಟಿ ಬರೆದು ಕೊಟ್ಟೆ. ಅಂತೂ ಪಾರ್ಸಲ್ ಬಂತು, ಲಾಟ್ ಬೇರೆ. "ಅಕ್ಕೋರೆ, ಶೇಡ್ ಅದೇ ಅಲ್ವಾ? ಯಾರಿಗೂ ಗೊತ್ತಾಗೋದಿಲ್ಲ" ಅಂದರು ಅಂಗಡಿಯವರು. ಅವರನ್ನು ಬೈದು ಪ್ರಯೋಜನ ಇಲ್ಲ, ಅವರಿಗೆ ಮೇಲಿನಿಂದ ಬಂದದ್ದೇ ಅದು. ಹಳೆ ಲಾಟ್ ಎಲ್ಲೂ ಉಳಿದಿಲ್ಲ ಅಂದರು. ಅಷ್ಟು ಹೊತ್ತಿಗೆ ಕಂಬಳಿ ಅರ್ಧ ದಾಟಿತ್ತು.

ಆನ್‌ಲೈನ್ ಇನ್ನೂ ಕಷ್ಟ. ಫೋಟೋದಲ್ಲಿ ಲಾಟ್ ನಂಬರ್ ತೋರಿಸುವುದೇ ಇಲ್ಲ. ಎಲ್ಲ ಉಂಡೆಯೂ ಒಂದೇ ಲಾಟ್‌ನದ್ದು ಕಳಿಸಿ ಅಂತ ಆರ್ಡರ್ ಮಾಡುವಾಗ ಬರೆಯಲು ಜಾಗವೂ ಇಲ್ಲ. ಒಂದೇ ಆರ್ಡರ್, ಒಂದೇ ಪೆಟ್ಟಿಗೆ, ಒಳಗೆ ಎರಡು ಲಾಟ್! ಇದು ನನಗೆ ಮತ್ತೆ ಮತ್ತೆ ಆಗಿದೆ. ವಾಪಸ್ ಮಾಡಲು ಹೋದರೆ ಕಾರಣಗಳ ಪಟ್ಟಿಯಲ್ಲಿ ಇದಿಲ್ಲ. ಗ್ರಾಹಕರ ನಂಬರಿಗೆ ಫೋನ್ ಮಾಡಿದರೆ ಶೇಡ್ ನಂಬರ್ ಸರಿ ಇದೆಯಲ್ಲ ಮೇಡಂ ಅನ್ನುತ್ತಾರೆ. ಲೇಬಲ್ ಮೇಲೆ ಲಾಟ್ ನಂಬರ್ ಅಚ್ಚು ಹಾಕಿಸುವವರಿಗೆ ಅದು ಏಕೆ ಬೇಕು ಅಂತ ಗೊತ್ತಿದೆ. ಪೆಟ್ಟಿಗೆ ತುಂಬುವವರಿಗೂ ಅದನ್ನು ಹೇಳಿಕೊಟ್ಟರೆ ಏನು ಕಷ್ಟ? ಒಂದು ಕಂಬಳಿಗೆ ನನ್ನ ಎರಡು, ಮೂರು ತಿಂಗಳ ಸಂಜೆಗಳು ಹೋಗುತ್ತವೆ. ದುಡ್ಡು ಸಾವಿರದೈನೂರು ಇರಬಹುದು, ಆ ಸಂಜೆಗಳಿಗೆ ಬೆಲೆ ಹೇಗೆ ಕಟ್ಟುವುದು? ಕ್ರೋಶಾವನ್ನು ಮಷಿನ್ ಹಾಕುವುದಿಲ್ಲ, ಪ್ರತಿ ಕಂಬವೂ ಕೈಯಿಂದಲೇ ಆಗಬೇಕು. ಅರ್ಧ ಕಂಬಳಿ ಬಿಚ್ಚುವುದು ಅಂದರೆ ಹೊಟ್ಟೆ ಉರಿಯುತ್ತದೆ.

ನಾನು ಬಿಚ್ಚಲಿಲ್ಲ. ಹೊಸ ಲಾಟ್ ಒಂದೇ ಕಡೆ ಬಂದು ಪಟ್ಟಿಯಾಗಿ ಕಾಣಬಾರದು ಅಂತ, ಉಳಿದಿದ್ದ ಹಳೆ ಉಂಡೆಯದ್ದು ಎರಡು ಸಾಲು, ಹೊಸದ್ದರಲ್ಲಿ ಎರಡು ಸಾಲು, ಹೀಗೆ ಹಾಕುತ್ತಾ ಬಂದೆ. ಬಣ್ಣ ನಿಧಾನವಾಗಿ ಬದಲಾದ ಹಾಗೆ ಆಗಿ ಗೆರೆ ಕರಗಿತು. ಹಳೆಯದು ಒಂದೆರಡು ಉಂಡೆಯಾದರೂ ಉಳಿದಿದ್ದರೆ ಮಾತ್ರ ಇದು ಸಾಧ್ಯ. ಪೂರ್ತಿ ಮುಗಿದಿದ್ದರೆ ನಡುವೆ ಬೇರೆಯದೇ ಬಣ್ಣದ ಅಗಲ ಪಟ್ಟಿ ಹಾಕಿ. ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ, ಎರಡೂ ಲಾಟ್ ಅಕ್ಕಪಕ್ಕ ಬರುವುದಿಲ್ಲ. ಚೌಕ ಚೌಕ ಹೆಣೆದು ಜೋಡಿಸುವ ಗ್ರಾನಿ ಸ್ಕ್ವೇರ್ ಆದರೆ ಈ ತಲೆಬಿಸಿಯೇ ಇಲ್ಲ, ಎರಡೂ ಲಾಟ್‌ನ ಚೌಕಗಳನ್ನು ಕಲೆಸಿ ಹಾಕಿದರೆ ಆಯಿತು. ಆಯಿ ಕಂಬಳಿ ಬಿಡಿಸಿ ನೋಡಿ "ಚೊಲೋ ಆಜು ಕೂಸೆ" (ಚೆನ್ನಾಗಿ ಆಗಿದೆ ಮಗಳೇ) ಅಂದಳು. ಅವಳಿಗೆ ಗೊತ್ತಾಗಲಿಲ್ಲ. ನನಗೆ ಮಾತ್ರ ಆ ಜಾಗ ಈಗಲೂ ಕಾಣುತ್ತದೆ.

ಉಲ್ಲನ್ ಸಾಲುತ್ತದೋ ಇಲ್ಲವೋ ಅಂತ ಮೊದಲೇ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಸಾಲು ಹಾಕುವ ಮೊದಲು ಉಂಡೆ ತೂಗಿ, ಸಾಲು ಮುಗಿದ ಮೇಲೆ ಮತ್ತೆ ತೂಗಿ. ಒಂದು ಸಾಲಿಗೆ 9 ಗ್ರಾಂ ಹೋದರೆ 100 ಗ್ರಾಂ ಉಂಡೆಯಲ್ಲಿ 11 ಸಾಲು ಅಂತ ಲೆಕ್ಕ ಸಿಗುತ್ತದೆ. ತ್ರಿಕೋನದ ಶಾಲಿಗೆ ಈ ಲೆಕ್ಕ ನಡೆಯುವುದಿಲ್ಲ, ಅದರ ಸಾಲು ಬೆಳೆಯುತ್ತಲೇ ಹೋಗುತ್ತದೆ, ಕೊನೆಯ ಸಾಲುಗಳೇ ಅರ್ಧ ಉಲ್ಲನ್ ತಿನ್ನುತ್ತವೆ. ದೊಡ್ಡ ಶಾಲಿಗೆ ನಾನು 400 ಗ್ರಾಂ ತೆಗೆದಿಡುತ್ತೇನೆ. ಎಲ್ಲದಕ್ಕೂ ಲೆಕ್ಕಕ್ಕಿಂತ ಒಂದು ಉಂಡೆ ಜಾಸ್ತಿ ಕೊಳ್ಳುವುದೇ ಸುಖ.

ಎಲ್ಲರಿಗೂ ಇದನ್ನೇ ಕೊಡಿ ಅಂತ ನಾನು ಹೇಳುವುದಿಲ್ಲ. ಶಿರಸಿ ಕಡೆ ಹಳೆ ಮನೆಗಳಲ್ಲಿ ಬೆಳಗಿನ ಚಳಿಗೆ ಬಚ್ಚಲ ಒಲೆ ಮುಂದೆ ಕೂರುವವರಿದ್ದಾರೆ. ಅಂಥವರಿಗೆ ಅಕ್ರಿಲಿಕ್ ಶಾಲು ಬೇಡವೇ ಬೇಡ. ಹತ್ತಿಯಂತೆ ಇದು ಬರೀ ಉರಿದು ಬೂದಿಯಾಗುವುದಿಲ್ಲ, ಉರಿಯುತ್ತಲೇ ಕರಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅವರಿಗೆ ಉಣ್ಣೆಯೇ ಸರಿ, ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ದುಬಾರಿ, ಒಪ್ಪುತ್ತೇನೆ. ಒಲೆಯ ಭಯಕ್ಕೇ ಆಯಿಗೆ ಶಾಲಿನ ಬದಲು ಕಂಬಳಿ ಕೊಟ್ಟೆ, ಅದು ಮಲಗುವ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನೂ ಇದಕ್ಕೆ ತಾಗಿಸಬೇಡಿ. ಬಿಸಿ ಹಬೆ ಜಾಸ್ತಿಯಾದರೆ ಎಳೆ ಸೋತು ಚಪ್ಪಟೆಯಾಗುತ್ತದೆ, ಮತ್ತೆ ಎಂದೂ ಉಬ್ಬುವುದಿಲ್ಲ.

ಪುಟ್ಟ ಮಕ್ಕಳಿಗೂ ನಾನು ಇದನ್ನು ಬಳಸುವುದಿಲ್ಲ. ಕೋಡಿಬಾಗದ ಗೆಳತಿಯ ಮೊಮ್ಮಗಳಿಗೆ ಹಾಕಿದ್ದು ಹತ್ತಿ ನೂಲಿನ ಸಣ್ಣ ಕಂಬಳಿ. ಕರಾವಳಿಯ ಸೆಕೆಗೆ ಮಗುವಿನ ಬೆವರನ್ನು ಹತ್ತಿ ಹೀರುತ್ತದೆ, ಅಕ್ರಿಲಿಕ್ ಹೀರುವುದಿಲ್ಲ. ಹೆಣಿಗೆ ಒತ್ತಾಗಿರಲಿ, ದೊಡ್ಡ ತೂತಿದ್ದರೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕುಚ್ಚು, ಮಣಿ ಯಾವುದೂ ಬೇಡ. ಎತ್ತಿಕೊಳ್ಳುವಾಗ ಸುತ್ತಲು ಮಾತ್ರ, ಮಲಗಿದಾಗ ತೊಟ್ಟಿಲಲ್ಲಿ ಬಿಡಬಾರದು ಅಂತಲೂ ಗೆಳತಿಯ ಮಗಳಿಗೆ ಹೇಳಿಯೇ ಕೊಟ್ಟೆ. ಸಡಿಲ ಹೊದಿಕೆ ಎಳೆ ಮಗುವಿನ ಮುಖಕ್ಕೆ ಬಂದರೆ ಅಪಾಯ.

ಐದಕ್ಕೆ ಎಷ್ಟು ಅಂಕ ಅಂತ ಕೇಳಿದರೆ, ನೂಲಿಗೆ ನಾಲ್ಕೂವರೆ, ಮಾರುವ ರೀತಿಗೆ ಎರಡು. ನನ್ನ ಸಂಬಳದಲ್ಲಿ ವರ್ಷಕ್ಕೆ ಇಷ್ಟು ಉಡುಗೊರೆ ಕೊಡಲು ಸಾಧ್ಯವಾಗಿದ್ದು ಇದರಿಂದಲೇ. ಮೆರಿನೊ ಉಣ್ಣೆಯಲ್ಲಿ ಒಂದು ಶಾಲು ಹಾಕುವ ದುಡ್ಡಿನಲ್ಲಿ ಇದರಲ್ಲಿ ಹಲವು ಆಗುತ್ತವೆ. ಹಾಗಾಗಿ ಕೊಳ್ಳುವುದನ್ನು ಬಿಟ್ಟಿಲ್ಲ, ಆನ್‌ಲೈನ್ ಬಿಟ್ಟಿದ್ದೇನೆ. ಈಗ ಅಂಗಡಿಗೇ ಹಗಲು ಹೊತ್ತಿನಲ್ಲಿ ಹೋಗುತ್ತೇನೆ. ಎಲ್ಲ ಉಂಡೆಯ ಲೇಬಲ್ ತಿರುಗಿಸಿ ಲಾಟ್ ನಂಬರ್ ಓದುತ್ತೇನೆ. ಅನುಮಾನ ಬಂದರೆ ಹೊರಗೆ ರಸ್ತೆಯ ಬೆಳಕಿಗೆ ಒಯ್ದು ಪಕ್ಕ ಪಕ್ಕ ಹಿಡಿದು ನೋಡುತ್ತೇನೆ. ಪೂರ್ತಿ ಕಂಬಳಿಗೆ ಸಾಲುವಷ್ಟು ಒಂದೇ ಲಾಟ್‌ನಲ್ಲಿ ಇಲ್ಲದಿದ್ದರೆ ಆ ಬಣ್ಣವನ್ನೇ ಬಿಡುತ್ತೇನೆ, ಎಷ್ಟೇ ಚೆಂದ ಇರಲಿ. ಅತ್ತಿಗೆಗೆ ಗಿಳಿಹಸಿರು ಕಂಬಳಿ ಬೇಕಂತೆ. ಮೊನ್ನೆ ಅಂಗಡಿಯಲ್ಲಿ ಆ ಹಸಿರು ಎರಡು ಲಾಟ್‌ನಲ್ಲಿ ಹಂಚಿಹೋಗಿತ್ತು. ಹೊಸ ಪಾರ್ಸಲ್ ಬಂದಾಗ ಕಟ್ಟು ಒಡೆಯುವ ಮೊದಲೇ ಫೋನ್ ಮಾಡಿ ಅಂತ ಹೇಳಿ ಬಂದಿದ್ದೇನೆ.