ಟಾರ್ಕ್ ಆಸೆಗೆ ರೀಮ್ಯಾಪ್ ಮಾಡಿಸಿದೆ, ವಾಲ್ವ್ ಸುಟ್ಟುಕೊಂಡೆ

ನಿಮ್ಮ ಡೀಸೆಲ್ ಕಾರಿಗೆ ರೀಮ್ಯಾಪ್ ಆಗಿದೆಯಾ, ಅಂದರೆ ಹೆಚ್ಚು ಶಕ್ತಿಗಾಗಿ ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದೀರಾ? ಈಗ ಕ್ಲಚ್ ಜಾರುತ್ತಿದೆಯಾ? ಹಾಗಿದ್ದರೆ ದಯವಿಟ್ಟು ಗಟ್ಟಿ ಕ್ಲಚ್ ಹಾಕಿಸಲು ಓಡಬೇಡಿ. ನಾನು ಓಡಿದ್ದೆ. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ನನ್ನ ಗಾಡಿಯ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ (ಉರಿದ ಹೊಗೆಯನ್ನು ಹೊರಬಿಡುವ ಬಾಗಿಲು) ಮೆಕ್ಯಾನಿಕ್ ಮೇಜಿನ ಮೇಲೆ ಬಿದ್ದಿತ್ತು. ಅದರ ಅಂಚಿನಲ್ಲಿ ಇಲಿ ಕಡಿದ ಹಾಗೆ ಒಂದು ತುಂಡು ಮಾಯ.

ಗಾಡಿ ಎರಡು ಲೀಟರಿನ ಟರ್ಬೊ ಡೀಸೆಲ್. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಕಂಪನಿಯಿಂದ ಬಂದಾಗ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 320 ನ್ಯೂಟನ್ ಮೀಟರ್. ಅಷ್ಟು ಸಾಲದೇ ಅಂದರೆ ಧಾರಾಳ ಸಾಕಿತ್ತು. ಸುಮ್ನೆ ಆಸೆ. ಲ್ಯಾಪ್‌ಟಾಪ್ ಚುಚ್ಚಿ ಅರ್ಧ ಗಂಟೆಯಲ್ಲಿ 400 ಮಾಡಿಕೊಡ್ತೀವಿ ಅಂದರು ರೀಮ್ಯಾಪ್ ಮಾಡುವವರು. 'ಕಂಪನಿಯವರೇ ಅಷ್ಟು ಮಾರ್ಜಿನ್ ಬಿಟ್ಟಿರ್ತಾರೆ ಸರ್, ನಾವು ಅದನ್ನು ಬಿಡಿಸಿ ಕೊಡೋದು ಅಷ್ಟೇ' ಅಂತ ಬೇರೆ ಹೇಳಿದರು. ಮಾರ್ಜಿನ್ ಇರುವುದು ನಿಜ. ಅದು ಯಾತಕ್ಕೆ ಅಂತ ಮಾತ್ರ ನಾನು ಕೇಳಲಿಲ್ಲ.

ಹಳೇ ಡೀಸೆಲ್ ಪಂಪುಗಳ ಕಾಲದಲ್ಲಿ ಇದು ಸ್ಕ್ರೂ ತಿರುಗಿಸುವ ಕೆಲಸವಾಗಿತ್ತು. 1997ರಲ್ಲಿ ಆಲ್ಫಾ ರೋಮಿಯೊ 156ರ ಜೊತೆ ಕಾಮನ್ ರೈಲ್ (ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ) ಕಾರುಗಳಿಗೆ ಬಂತು. ಆಮೇಲೆ ಡೀಸೆಲ್ ಯಾವಾಗ, ಎಷ್ಟು, ಎಷ್ಟು ಒತ್ತಡದಲ್ಲಿ ಚಿಮ್ಮಬೇಕು ಅನ್ನುವುದೆಲ್ಲ ಸಾಫ್ಟ್‌ವೇರ್ ಕೈಗೆ ಹೋಯಿತು. ಹಾಗಾಗಿ ಸ್ಪ್ಯಾನರ್ ಮುಟ್ಟದೆಯೇ ಎಂಜಿನ್ ಕೆಡಿಸಬಹುದು.

ಮೊದಲ ತಿಂಗಳು ಹಬ್ಬ. ಲೆಕ್ಕ ನೋಡಿ. 2000 ಆರ್‌ಪಿಎಂನಲ್ಲಿ 320 ನ್ಯೂಟನ್ ಮೀಟರ್ ಅಂದರೆ 67 ಕಿಲೋವ್ಯಾಟ್. ಅಲ್ಲೇ 400 ಸಿಕ್ಕರೆ 84. ಗೇರ್ ಇಳಿಸುವ ಕೆಲಸವೇ ಇಲ್ಲ. ಏರು ಬಂದರೂ ಆರನೇ ಗೇರಿನಲ್ಲೇ, 1500 ಆರ್‌ಪಿಎಂನಲ್ಲೇ ತಳ್ಳಿಸಿಕೊಂಡು ಹೋಗುತ್ತಿದ್ದೆ. ಹಿಂದೆ ಕಪ್ಪು ಹೊಗೆ ಬರುತ್ತಿತ್ತು. ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಇಲ್ಲಿ ನಾನು ಮಾಡಿದ ತಪ್ಪು ಪೆಟ್ರೋಲ್ ಬುದ್ಧಿಯನ್ನು ಡೀಸೆಲ್‌ಗೆ ಹಚ್ಚಿದ್ದು. ಪೆಟ್ರೋಲ್ ಎಂಜಿನ್‌ಗೆ ಫುಲ್ ಲೋಡ್‌ನಲ್ಲಿ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಟ್ಟರೆ ಉರಿ ತಣ್ಣಗಾಗುತ್ತದೆ. ಡೀಸೆಲ್‌ನಲ್ಲಿ ಉಲ್ಟಾ. ಅದು ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಇಟ್ಟುಕೊಂಡೇ ಓಡುವ ಎಂಜಿನ್. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಸಾಕು, ಆದರೆ ಕಂಪನಿಯವರು ಫುಲ್ ಲೋಡ್‌ನಲ್ಲೂ ಅದಕ್ಕಿಂತ ಸಾಕಷ್ಟು ಜಾಸ್ತಿ ಗಾಳಿ ಉಳಿಸಿರುತ್ತಾರೆ. ಆ ಹೆಚ್ಚುವರಿ ಗಾಳಿಯೇ ಬಿಸಿಯನ್ನು ಹಂಚಿಕೊಳ್ಳುವುದು. ಗಾಳಿ ಅಷ್ಟೇ ಇಟ್ಟು ಡೀಸೆಲ್ ಮಾತ್ರ ಹೆಚ್ಚಿಸಿದರೆ ಹೊಗೆಯ ಬಿಸಿ ಏರುತ್ತಲೇ ಹೋಗುತ್ತದೆ. 1500 ಆರ್‌ಪಿಎಂನಲ್ಲಿ ಗಾಳಿ ಒತ್ತಿ ತುಂಬುವ ಟರ್ಬೊಗೂ ಉಸಿರು ಸಾಲದು. ಕಪ್ಪು ಹೊಗೆ ಅಂದರೆ ಗಾಳಿ ಸಾಲದೆ ಅರ್ಧಂಬರ್ಧ ಉರಿದ ಡೀಸೆಲ್. ನಾನು ನಕ್ಕಿದ್ದು ಅದಕ್ಕೆ.

ಎರಡನೇ ತಿಂಗಳಿಗೆ ಕ್ಲಚ್ ಜಾರಲು ಶುರುವಾಯಿತು. ಏರಿನಲ್ಲಿ ಕಾಲೊತ್ತಿದರೆ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. 400 ತಡೆಯುವ ಕ್ಲಚ್ ಪ್ಲೇಟ್ ಹಾಕಿಸಿದೆ. ಮನೆಯಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಕಟ್ಟುವವರಿರುತ್ತಾರಲ್ಲ, ಅದೇ ಕೆಲಸ. ಹಳೇ ಕ್ಲಚ್ ಜಾರುತ್ತಿದ್ದಾಗ ನಾನಾಗಿಯೇ ಕಾಲು ತೆಗೆಯುತ್ತಿದ್ದೆ. ಹೊಸದು ಜಾರಲಿಲ್ಲ, ನಾನೂ ಕಾಲು ತೆಗೆಯಲಿಲ್ಲ.

ಆಮೇಲೆ ಒಂದು ವಿಚಿತ್ರ ಆಯಿತು. ಎಂಜಿನ್ ಮೊದಲಿಗಿಂತ ಸೈಲೆಂಟ್ ಆಯಿತು! ಮೇಲುಗಡೆ ಬರುತ್ತಿದ್ದ ಟಕಟಕ ಸದ್ದು ಕಡಿಮೆಯಾಯಿತು. ಆಯಿಲ್ ಒಳ್ಳೆಯದು ಹಾಕಿಸಿದ್ದಕ್ಕೆ ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಈ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಗ್ಯಾಪ್ ಇರಬೇಕು. ನನ್ನ ಎಂಜಿನ್‌ನಲ್ಲಿ ಈ ವಾಲ್ವ್ ಗ್ಯಾಪ್ ತಾನಾಗಿ ಸರಿಹೋಗುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ಶಿಮ್ ಅನ್ನುವ ತೆಳು ಬಿಲ್ಲೆ ಇಟ್ಟು ಹೊಂದಿಸುವುದು. ವಾಲ್ವ್ ಬಡಿದೂ ಬಡಿದೂ ಅದು ಕೂರುವ ಸೀಟ್ ಸವೆದರೆ, ವಾಲ್ವ್ ಮೇಲಕ್ಕೆ, ಸಿಲಿಂಡರ್ ಮೇಲಿನ ಮುಚ್ಚಳವಾದ ಹೆಡ್‌ನೊಳಗೆ ಸರಿಯುತ್ತದೆ. ಆಗ ಗ್ಯಾಪ್ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಸದ್ದು ಕಡಿಮೆಯಾಗುತ್ತದೆ. ಗ್ಯಾಪ್ ಪೂರ್ತಿ ಹೋದ ದಿನ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ.

ಮುಚ್ಚದಿದ್ದರೆ ಏನು? ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಸುಮಾರು ಮುಕ್ಕಾಲು ಪಾಲನ್ನು ಇಳಿಸುವುದು ಸೀಟಿನ ಮೇಲೆ ಕೂತಾಗಲೇ. ಸೀಟಿನಿಂದ ಹೆಡ್‌ಗೆ, ಹೆಡ್‌ನಿಂದ ಕೂಲೆಂಟ್‌ಗೆ. ಉಳಿದ ಸ್ವಲ್ಪ ಮಾತ್ರ ವಾಲ್ವ್ ಕಾಂಡದ ಮೂಲಕ ಅದು ಜಾರಾಡುವ ಗೈಡ್ ಕೊಳವೆಗೆ ಹೋಗುತ್ತದೆ. 2000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ನಿಮಿಷಕ್ಕೆ ಸಾವಿರ ಸಲ ತೆರೆದು ಮುಚ್ಚುತ್ತದೆ. ಪ್ರತಿ ಸಲ ಕೂರುವ ಆ ಚೂರು ಹೊತ್ತೇ ಅದಕ್ಕೆ ವಿಶ್ರಾಂತಿ. ಕೂರಲು ಬಿಡದೆ, ಸಂದಿನಲ್ಲಿ ಉರಿಯನ್ನೂ ನುಗ್ಗಿಸಿದರೆ ಅಂಚು ಗ್ಯಾಸ್ ಕಟರ್ ಹಿಡಿದ ಹಾಗೆ ಕರಗುತ್ತದೆ.

ಹದಿನಾರು ವಾಲ್ವ್ ಇದೆ, ಗಟ್ಟಿ ಎಂಜಿನ್ ಅಂತ ನಾನು ಅಂದುಕೊಂಡಿದ್ದೆ. ಸಿಲಿಂಡರಿಗೆ ನಾಲ್ಕು ವಾಲ್ವ್ ಕೊಡುವುದು ಗಾಳಿ ಸಲೀಸಾಗಿ ಬರಲಿ, ಇಂಜೆಕ್ಟರ್ ನಟ್ಟನಡುವೆ ನೆಟ್ಟಗೆ ಕೂರಲಿ ಅಂತ. ಅದಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ಎರಡು ಎಕ್ಸಾಸ್ಟ್ ವಾಲ್ವ್‌ಗಳ ನಡುವೆ ಉಳಿಯುವ ಲೋಹ ಒಂದು ಸಣ್ಣ ಸೇತುವೆಯಷ್ಟೇ. ಡೀಸೆಲ್ ಹೆಡ್ ಅತಿ ಬಿಸಿಯಾದರೆ ಬಿರುಕು ಬಿಡುವುದೂ ಹೆಚ್ಚಾಗಿ ಅಲ್ಲೇ. ನನ್ನದರಲ್ಲಿ ಬಿರುಕು ಇರಲಿಲ್ಲ, ಪುಣ್ಯ.

ರೋಗ ಗೊತ್ತಾಗಿದ್ದು ತಡವಾಗಿ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನಡುಕ, ಒಂದೆರಡು ನಿಮಿಷ ಬಿಳಿ ಹೊಗೆ, ಬಿಸಿಯಾದ ಮೇಲೆ ಏನೂ ಆಗಿಲ್ಲದ ಹಾಗೆ ಓಟ. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಇಲ್ಲ. ಸ್ಕ್ಯಾನರ್ ಹಾಕಿದ ಮೊದಲ ಮೆಕ್ಯಾನಿಕ್ ಮೂರನೇ ಸಿಲಿಂಡರಿಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಜಾಸ್ತಿ ಡೀಸೆಲ್ ಕೊಡುತ್ತಿದೆ, ಇಂಜೆಕ್ಟರ್ ಹೋಗಿದೆ ಅಂದ. ಬದಲಿಸಿದೆವು. ನಡುಕ ಹಾಗೇ ಇತ್ತು. ಆ ಸಿಲಿಂಡರ್ ಸೋತಿದ್ದಕ್ಕೆ ಇಸಿಯು ಡೀಸೆಲ್ ಹೆಚ್ಚು ಕೊಟ್ಟು ಸರಿದೂಗಿಸುತ್ತಿತ್ತು. ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಬಲ್ಲದು ಅನ್ನುವುದನ್ನು ನೋಡದೆ ಇಂಜೆಕ್ಟರ್ ಬದಲಿಸಲು ಒಪ್ಪಬೇಡಿ. ದುಡ್ಡು ನೀರಲ್ಲಿ ಹೋಮ.

ಎರಡನೇ ಮೆಕ್ಯಾನಿಕ್ ವಯಸ್ಸಾದವರು. ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಗೇಜ್ ಹಾಕಿ ನೋಡಿದರು. ಉಳಿದ ಮೂರು ಸಿಲಿಂಡರುಗಳಲ್ಲಿ 27, 28, 27 ಬಾರ್. ಮೂರನೆಯದರಲ್ಲಿ 16. ಆಮೇಲೆ ಆ ಪಿಸ್ಟನ್‌ ಅನ್ನು ಕಂಪ್ರೆಷನ್ ಕೊನೆಗೆ ಮೇಲೆ ನಿಲ್ಲಿಸಿ, ವಾಲ್ವ್ ಎಲ್ಲ ಮುಚ್ಚಿರುವ ಹೊತ್ತಿನಲ್ಲಿ, ಒಳಗೆ ಗಾಳಿ ಬಿಟ್ಟು 'ಕಿವಿ ಕೊಡಪ್ಪ' ಅಂದರು. ಆಯಿಲ್ ಹಾಕುವ ಬಾಯಲ್ಲಿ ಸುಂಯ್ ಅಂದರೆ ಪಿಸ್ಟನ್ ರಿಂಗ್ ಹೋಗಿದೆ ಅಂತ. ಗಾಳಿ ಎಳೆಯುವ ಕಡೆ ಸದ್ದು ಬಂದರೆ ಇನ್‌ಟೇಕ್ ವಾಲ್ವ್. ಕೂಲೆಂಟ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ನನ್ನದು ಸೈಲೆನ್ಸರ್ ಬಾಯಲ್ಲಿ ಹಾವಿನ ಹಾಗೆ ಬುಸುಗುಟ್ಟಿತು. ಅಷ್ಟಕ್ಕೇ ನಿಂತಿದ್ದು ಅದೃಷ್ಟ ಅಂದರು. ಡೀಸೆಲ್‌ನಲ್ಲಿ ಪಿಸ್ಟನ್ನು ಸಿಲಿಂಡರ್ ಹೆಡ್‌ಗೆ ಸುಮಾರು ಒಂದು ಮಿಲಿಮೀಟರ್ ಹತ್ತಿರದವರೆಗೆ ಬರುತ್ತದೆ. ವಾಲ್ವ್ ತಲೆ ಮುರಿದು ಒಳಗೆ ಬಿದ್ದಿದ್ದರೆ ಅದಕ್ಕೆ ನಿಲ್ಲಲು ಜಾಗವೇ ಇಲ್ಲ. ಪಿಸ್ಟನ್, ಹೆಡ್, ಟರ್ಬೊ ಎಲ್ಲ ಹೋಗುತ್ತಿತ್ತು.

ಈಗಾಗಲೇ ರೀಮ್ಯಾಪ್ ಮಾಡಿಸಿದವರು, ಅಥವಾ ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡುತ್ತಿರುವವರು, ಮೊದಲು ಕಂಪ್ರೆಷನ್ ನೋಡಿಸಿ. ಶಿಮ್ ಇರುವ ಎಂಜಿನ್ ಆದರೆ ವಾಲ್ವ್ ಗ್ಯಾಪ್ ಅಳೆಸಿ, ಅದರಲ್ಲೂ ಎಕ್ಸಾಸ್ಟ್ ಕಡೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೇಳಿ, ಬಿಸಿ ಮಾಡಿ ನಿಲ್ಲಿಸಿದ ಗಾಡಿಯನ್ನು ನಂಬಬೇಡಿ. ಕ್ಲಚ್ ಹೊಸದು ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ ಯಾಕೆ ಬದಲಿಸಿದಿರಿ ಅಂತ ಕೇಳಿ.

ಹೆಡ್ ಕೆಲಸ ಮುಗಿದ ಮೇಲೆ ಟಾರ್ಕ್ ವಾಪಸ್ 320ಕ್ಕೆ ಇಳಿಸೋಣ ಅಂತ ರೀಮ್ಯಾಪ್ ಮಾಡಿದವರ ಹತ್ತಿರ ಹೋದೆ. ನನ್ನ ಗಾಡಿಯ ಮೂಲ ಫೈಲ್ ಕೊಡಿ ಅಂದೆ. ಹುಡುಕಿದರು, ಇನ್ನೊಂದು ಲ್ಯಾಪ್‌ಟಾಪ್ ತೆಗೆದರು, ಯಾರಿಗೋ ಫೋನ್ ಮಾಡಿದರು. ಕೊನೆಗೆ ಗೊತ್ತಾಗಿದ್ದು, ಅದನ್ನು ಅವರು ಸೇವ್ ಮಾಡಿಯೇ ಇರಲಿಲ್ಲ.